ಊಟವಾಯಿತೇ ಎಂದು ಕೇಳುವ ಹಕ್ಕು

“ಊಟವಾದ ಮೇಲೆ, ದಿನಕ್ಕೆ ಎರಡು ಹೊತ್ತು” ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಮಾತನ್ನು ನಾವೆಲ್ಲ ಎಷ್ಟೋ ಸಲ ಓದಿದ್ದೇವೆ. ಆ ಸಣ್ಣ ಮಾತಿನೊಳಗೆ ಒಂದು ದೊಡ್ಡ ನಂಬಿಕೆ ಅಡಗಿಕೊಂಡಿದೆ ಎಂಬುದು ನನಗೆ ಹೊಳೆದುದು ಎಪ್ಪತ್ತು ದಾಟಿದ ಮೇಲೆ. ಎರಡು ಹೊತ್ತು ಗುಳಿಗೆ ನುಂಗಬೇಕಾದರೆ ಎರಡು ಹೊತ್ತು ಊಟವಿರಬೇಕು. ಇದೆಯೇ ಇಲ್ಲವೇ ಎಂದು ಚೀಟಿ ಬರೆಯುವವರು ಕೇಳುವುದಿಲ್ಲ. ಚೀಟಿ ಹಿಡಿದವರು ಹೇಳುವುದೂ ಇಲ್ಲ.

ನಾನು ವೈದ್ಯನಲ್ಲ. ಹಳ್ಳಿಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಷ್ಟ್ರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ವಾರಕ್ಕೊಮ್ಮೆ ಉಚಿತ ಚಿಕಿತ್ಸೆಯ ಶಿಬಿರ ನಡೆಸುವ ಸಣ್ಣದೊಂದು ಸೇವಾಸಂಘದವರು ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದರು. ಅವರಲ್ಲಿದ್ದ ತರುಣ ವೈದ್ಯರೊಬ್ಬರಿಗೆ ಒಂದು ಚಿಂತೆ ಹತ್ತಿತ್ತು. ರಕ್ತದೊತ್ತಡಕ್ಕೆ ಮದ್ದು ಕೊಡುತ್ತೇವೆ, ಇಳಿಯುವುದಿಲ್ಲ. ಸಕ್ಕರೆಗೆ ಮದ್ದು ಕೊಡುತ್ತೇವೆ, ಒಬ್ಬಳು ತಲೆತಿರುಗಿ ಬೀಳುತ್ತಾಳೆ. ಕಾರಣ ರಕ್ತದಲ್ಲಿಲ್ಲ, ಮನೆಯಲ್ಲಿದೆ. ರೋಗಿಯ ಮನೆಯಲ್ಲಿ ಅಕ್ಕಿಯುಂಟೋ, ಬಸ್ಸಿಗೆ ಹಣವುಂಟೋ, ಸೂರು ಸೋರುತ್ತದೋ, ಹೊಡೆಯುವವರು ಇದ್ದಾರೋ ಎಂಬುದನ್ನು ಐದು ನಿಮಿಷದಲ್ಲಿ ತಿಳಿಯಲು ಒಂದು ಪ್ರಶ್ನಾವಳಿ ಬೇಕು. ಅಂಥವು ಹೊರದೇಶಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ಆರಿಸಿ ನಮ್ಮ ಜನಕ್ಕೆ ಅರ್ಥವಾಗುವ ಮಾತಿಗೆ ತಂದುಕೊಡಿ ಎಂದರು. ಭಾಷೆಯ ಕೆಲಸವಷ್ಟೇ ಎಂದುಕೊಂಡು ಒಪ್ಪಿದೆ. ಅದು ಧರ್ಮಸಂಕಟದ ಕೆಲಸವೆಂದು ಮೊದಲೇ ತಿಳಿದಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ.

ಮೊದಲು ನಮ್ಮ ದೇಶದ್ದನ್ನೇ ನೋಡೋಣವೆಂದು ಹಳೆಯ ಮಾಪನಗಳನ್ನು ತರಿಸಿದೆ. ಬಿ. ಜಿ. ಪ್ರಸಾದರದು 1961ರದು, ತಲಾ ತಿಂಗಳ ಆದಾಯವೊಂದನ್ನೇ ನೋಡುತ್ತದೆ. ಉದಯ ಪಾರೀಕ್ ಮತ್ತು ತ್ರಿವೇದಿಯವರದು 1964ರದು, ಹಳ್ಳಿಗಳಿಗಾಗಿ ಮಾಡಿದ್ದು, ಜಾತಿ, ಭೂಮಿ, ಮನೆ, ದನಕರು, ಸಾಮಾನು ಹೀಗೆ ಒಂಬತ್ತು ಬಾಬುಗಳು. ಕುಪ್ಪುಸ್ವಾಮಿಯವರದು 1976ರದು, ಪಟ್ಟಣಗಳಿಗಾಗಿ, ಮನೆಯ ಯಜಮಾನನ ವಿದ್ಯೆ, ಉದ್ಯೋಗ ಮತ್ತು ಕುಟುಂಬದ ಆದಾಯ. ವೈದ್ಯಕೀಯ ಕಾಲೇಜುಗಳ ಹುಡುಗರು ಇವತ್ತಿಗೂ ಇವನ್ನೇ ಬೆಲೆಯೇರಿಕೆಗೆ ತಕ್ಕಂತೆ ತಿದ್ದಿ ಬಳಸುತ್ತಾರೆ.

ಇವು ಕೆಟ್ಟವೆಂದು ನಾನು ಹೇಳಲಾರೆ. ಆದರೆ ನಮ್ಮ ಜಿಲ್ಲೆಗೆ ತಂದು ಹಿಡಿದರೆ ತಕ್ಕಡಿಯ ಮುಳ್ಳು ಎತ್ತಲೋ ಓಡುತ್ತದೆ. ಮನೆಗೆ ಹೆಂಚು ಹೊದೆಸಿದೆಯೇ ಎಂದು ಕೇಳಿದರೆ, 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ನಾಡಿದು. ಇಲ್ಲಿ ಬಡವನ ಮನೆಗೂ ಹೆಂಚೇ. ಓದು ಬಲ್ಲಿರಾ ಎಂದರೆ, 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 88ನ್ನು ಮೀರಿತ್ತು. ಬೀಡಿ ಕಟ್ಟುವ ಹುಡುಗಿ ಪಿಯುಸಿ ಓದಿರುತ್ತಾಳೆ. ಭೂಮಿಯುಂಟೇ ಎಂದರೆ, 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳೆಷ್ಟೋ ಮಂದಿ ಒಡೆಯರಾದರು. ಅವರ ಮೊಮ್ಮಕ್ಕಳ ಪಾಲಿಗೆ ಈಗ ಹದಿನೈದು ಸೆಂಟ್ಸು, ನಾಲ್ಕು ತೆಂಗು, ಇಪ್ಪತ್ತು ಅಡಕೆ. ಉಂಟು ಎಂದೇ ಬರೆಯಬೇಕು. ಈ ಮಾಪನಗಳ ಪ್ರಕಾರ ನಮ್ಮಲ್ಲಿ ಬಡವರೇ ಇಲ್ಲ! ಹೆಂಚಿನ ಕೆಳಗೆ ಒಲೆ ಉರಿಯುತ್ತದೋ ಇಲ್ಲವೋ ಎಂದು ಅವು ಕೇಳುವುದಿಲ್ಲ.

ಆಶಾ ಕಾರ್ಯಕರ್ತೆಯರ ಬಳಿಯಲ್ಲೂ ಒಂದು ನಮೂನೆಯುಂಟು, ಮೂವತ್ತು ದಾಟಿದವರಿಗಾಗಿ. ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಅಡುಗೆಗೆ ಬಳಸುವ ಉರುವಲು ಎಲ್ಲವನ್ನೂ ಕೇಳುತ್ತದೆ. ಉರುವಲನ್ನು ಕೇಳುವುದು ನಿಜಕ್ಕೂ ಒಳ್ಳೆಯದೇ, ಹೊಗೆಗೂ ಕೆಮ್ಮಿಗೂ ಇರುವ ನಂಟನ್ನು ಯಾರೋ ಯೋಚಿಸಿದ್ದಾರೆ. ಆದರೆ ಅದೇ ಹಾಳೆಯಲ್ಲಿ ವಾರಕ್ಕೆ 150 ನಿಮಿಷವಾದರೂ ದೇಹಶ್ರಮ ಮಾಡುತ್ತೀರಾ ಎಂಬ ಪ್ರಶ್ನೆಯೂ ಇದೆ. ಚಾರ್ಮಾಡಿಯ ತಪ್ಪಲಿನಲ್ಲಿ ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿದು ಬಂದ ಹೆಂಗಸೊಬ್ಬಳು ಈ ಪ್ರಶ್ನೆ ಕೇಳಿ ನಕ್ಕ ನಗೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಹೀಗೆ ಅಮೆರಿಕದ ಪ್ರಶ್ನಾವಳಿಗಳಿಗೆ ಬಂದೆವು. ಒಂದು 2016ರದು, ಅಲ್ಲಿಯ ಬಡವರ ಆರೋಗ್ಯ ಕೇಂದ್ರಗಳವರು ಮಾಡಿದ್ದು, ಇಪ್ಪತ್ತರಷ್ಟು ಪ್ರಶ್ನೆಗಳಿವೆ. ಇನ್ನೊಂದು 2017ರದು, ಅಲ್ಲಿಯ ಸರಕಾರದ್ದು. ವಸತಿ, ಆಹಾರ, ಸಾರಿಗೆ, ವಿದ್ಯುತ್ತು-ನೀರು, ಮೈಮೇಲಿನ ಭಯ ಎಂಬ ಐದು ವಿಷಯಗಳಿಗೆ ಹತ್ತು ಪ್ರಶ್ನೆ. ಕಳೆದ ಹನ್ನೆರಡು ತಿಂಗಳಲ್ಲಿ ವಿದ್ಯುತ್ತನ್ನು ಕಡಿದುಬಿಡುತ್ತೇವೆಂದು ಯಾರಾದರೂ ಬೆದರಿಸಿದ್ದುಂಟೇ ಎಂದು ಅದು ಕೇಳುತ್ತದೆ. ನಮ್ಮಲ್ಲಿ ಬೆದರಿಕೆಗೆ ಅವಕಾಶವೇ ಇಲ್ಲ. ಜೂನಿನ ಮೊದಲ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಬಡವ ಬಲ್ಲಿದ ಇಬ್ಬರ ಮನೆಯಲ್ಲೂ ಸಮನಾಗಿ ಕತ್ತಲೆ.

ಮೂರನೆಯದು ನನಗೆ ಮೆಚ್ಚಿಗೆಯಾಯಿತು. ಮನೆಯ ಆಹಾರದ ಅಭದ್ರತೆಯನ್ನು ಅಳೆಯಲು ಅಮೆರಿಕದವರಲ್ಲಿ ಹದಿನೆಂಟು ಪ್ರಶ್ನೆಗಳ ದೊಡ್ಡ ಪಟ್ಟಿಯಿತ್ತು. ಅದರಿಂದ ಎರಡನ್ನೇ ಹೆಕ್ಕಿ 2010ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಹಣ ಬರುವ ಮೊದಲೇ ಆಹಾರ ಮುಗಿದೀತೆಂಬ ಚಿಂತೆ ಇತ್ತೇ? ತಂದದ್ದು ಮುಗಿದು, ಮತ್ತೆ ತರಲು ಹಣವಿಲ್ಲದೆ ಹೋದದ್ದುಂಟೇ? ಆಗಾಗ, ಒಮ್ಮೊಮ್ಮೆ, ಎಂದೂ ಇಲ್ಲ, ಇಷ್ಟೇ ಉತ್ತರ. ದೊಡ್ಡ ಪಟ್ಟಿ ಅಭದ್ರವೆಂದ ನೂರು ಮನೆಗಳಲ್ಲಿ 97ನ್ನು ಈ ಎರಡು ಪ್ರಶ್ನೆಗಳು ಹಿಡಿದುವಂತೆ. ಭದ್ರವೆಂದ ನೂರರಲ್ಲಿ 17ನ್ನು ತಪ್ಪಾಗಿಯೂ ಹಿಡಿದುವು. ಆದರೆ ಹಸಿದವನನ್ನು ಬಿಟ್ಟುಬಿಡುವುದಕ್ಕಿಂತ ಹಸಿಯದವನಿಗೆ ಒಂದು ಸೇರು ಅಕ್ಕಿ ಹೆಚ್ಚಾಗಿ ಹೋಗುವುದು ಲೇಸಲ್ಲವೇ? ಇದನ್ನೇ ಆರಿಸಿದೆ.

ಭಾಷಾಂತರಕ್ಕೆ ಕುಳಿತಾಗ ತೊಡಕು ಶುರುವಾಯಿತು. ಕನ್ನಡದಲ್ಲಿ ಬರೆಯುವುದು ಸುಲಭ. ಆದರೆ ನಮ್ಮ ಮೂರು ತಾಲೂಕುಗಳಲ್ಲಿ ಕನ್ನಡ ಕಾಗದದ ಭಾಷೆ. ಮನೆಯೊಳಗಿನ ಮಾತು ತುಳು, ಇಲ್ಲವೇ ಕೊಂಕಣಿ, ಬ್ಯಾರಿ. ಹಸಿವಿನ ಮಾತನ್ನು ಕಾಗದದ ಭಾಷೆಯಲ್ಲಿ ಕೇಳಿದರೆ ಕಾಗದದ ಉತ್ತರವೇ ಬರುತ್ತದೆ. ತುಳುವಿನಲ್ಲಿ ಕೇಳಲು ಹೊರಟರೆ ಇನ್ನೊಂದು ಬಗೆಯ ಗೋಡೆ ಎದುರಾಯಿತು. ಇಬ್ಬರು ತುಳುವರು ದಾರಿಯಲ್ಲಿ ಎದುರಾದರೆ ಮೊದಲ ಮಾತು “ವಣಸ್ ಆಂಡಾ?” ಊಟವಾಯಿತೇ ಎಂದು. ಅದಕ್ಕೆ ಉತ್ತರ ಒಂದೇ: “ಆಂಡ್.” ಆಗಿರಲಿ, ಆಗದಿರಲಿ. ಅದು ಪ್ರಶ್ನೆಯಲ್ಲ, ನಮಸ್ಕಾರ. ಸಾವಿರ ವರ್ಷದಿಂದ ಮರ್ಯಾದೆಗಾಗಿ “ಆಯಿತು” ಎಂದೇ ಉತ್ತರಿಸುತ್ತ ಬಂದ ನಾಲಿಗೆಯಿಂದ, ಕೈಯಲ್ಲಿ ಪೆನ್ನು ಹಿಡಿದ ಅಪರಿಚಿತ ಹುಡುಗಿಯೊಬ್ಬಳು “ಇಲ್ಲ” ಎನ್ನಿಸಬೇಕು!

ಹನ್ನೆರಡು ತಿಂಗಳ ಲೆಕ್ಕವೂ ನಮಗೆ ಒಗ್ಗಲಿಲ್ಲ. ನಮ್ಮವರ ಹಸಿವಿಗೆ ಒಂದು ಹೆಸರಿದೆ, ಆಟಿ. ಹೊರಗೆ ಬಿಡದೆ ಸುರಿಯುವ ಮಳೆ. ಒಳಗೆ ಕಳೆದ ಕೊಯ್ಲಿನ ಅಕ್ಕಿ ತಳ ಕಂಡಿದೆ. ಹಲಸಿನ ಬೀಜ, ಕೆಸುವಿನ ಎಲೆ, ತಜಂಕಿನ ಸೊಪ್ಪು ಇವೇ ಆಗ ಜೀವ ಹಿಡಿದವು. ಈಗ ಪೇಟೆಗಳಲ್ಲಿ “ಆಟಿಯ ಕೂಟ” ಎಂದು ಬಾಳೆಲೆ ಹಾಸಿ ಅವನ್ನೇ ಬಡಿಸುತ್ತಾರೆ. ಇರಲಿ, ನಾನೂ ಹೋಗಿ ಉಂಡಿದ್ದೇನೆ. ಪಡಿತರದ ಅಕ್ಕಿ ಬಂದ ಮೇಲೆ ಹಳೆಯ ಆಟಿ ಇಲ್ಲವಾಯಿತೆಂಬುದು ನಿಜವೇ. ಆದರೂ ರಬ್ಬರು ಕಡಿಯುವವನಿಗೆ ಮಳೆಯಲ್ಲಿ ಕೆಲಸವಿಲ್ಲ, ಕೂಲಿಯವಳಿಗೆ ಕೆಲಸವಿಲ್ಲ. ಬೆಳ್ತಿಗೆ ಅಕ್ಕಿ ಗಂಜಿಗೆ ಬಾರದೆಂದು ಕುಚ್ಚಲಕ್ಕಿಯನ್ನು ಅಂಗಡಿಯಿಂದ ಕಡ ತರುವವರು ಇದ್ದೇ ಇದ್ದಾರೆ. “ಕಳೆದ ಹನ್ನೆರಡು ತಿಂಗಳಲ್ಲಿ” ಎಂದು ಕೇಳಿದಾಗ ಸುಮ್ಮನಿದ್ದ ಅಜ್ಜಿ, “ಹೋದ ಆಟಿಯಲ್ಲಿ ಹೇಗಿತ್ತು?” ಎಂದು ಕೇಳಿದೊಡನೆ ಬಾಯಿಬಿಟ್ಟಳು. ಆ ಒಂದು ಶಬ್ದವನ್ನು ಬದಲಿಸಿದ್ದಷ್ಟೇ ಈ ಕೆಲಸದಲ್ಲಿ ನಾನು ಹೆಮ್ಮೆಪಡಬಹುದಾದ ಭಾಗ.

ಇನ್ನು ಹೆಮ್ಮೆಪಡಲಾಗದ ಭಾಗ.

ಆಹಾರದ ಎರಡು ಪ್ರಶ್ನೆಗಳ ಜತೆಗೆ ಬೇರೆ ಏನೇನು ಕೇಳಬೇಕೆಂದು ಸಂಘದವರು ಸೇರಿದೆವು. ಬಸ್ಸಿನ ವಿಷಯ ಎಲ್ಲರೂ ಒಪ್ಪಿದರು. ಬೆಳ್ತಂಗಡಿಯಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಸುಮಾರು ಅರುವತ್ತು ಕಿಲೋಮೀಟರು. ಔಷಧ ಉಚಿತವಾದರೂ ದಾರಿ ಉಚಿತವಲ್ಲ. 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲವೆಂಬುದು ನಿಜ, ಆದರೆ ಮೂಡುಬಿದಿರೆಯ ಕಡೆ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಸೂರಿನ ಪ್ರಶ್ನೆಯನ್ನೂ ಒಪ್ಪಿದರು. ಬಂಟ್ವಾಳದವರಿಗೆ 1923 ಮತ್ತು 1974ರ ನೇತ್ರಾವತಿಯ ನೆರೆ ಮರೆತಿಲ್ಲ, ಬೆಳ್ತಂಗಡಿಯವರಿಗೆ 2019ರ ಆಗಸ್ಟಿನದು ಇನ್ನೂ ಹಸಿ. ಉಳಿದವು ಸಾಲ ಮತ್ತು ಮನೆಯೊಳಗಿನ ಹೊಡೆತ. ಅಲ್ಲಿಗೆ ಮಾತು ನಿಂತಿತು.

ಅವೆರಡನ್ನೂ ತೆಗೆದುಬಿಡೋಣವೆಂದವನು ನಾನೇ. ನನ್ನ ವಾದ ಇಷ್ಟು: ಕೇಳುವುದೆಂದರೆ ಮಾತು ಕೊಟ್ಟಂತೆ. ಹಸಿವೆಯೆಂದರೆ ಹತ್ತು ಕಿಲೋ ಅಕ್ಕಿ ಕೊಡಬಲ್ಲೆವು, ಪಡಿತರ ಚೀಟಿಗೆ ಅರ್ಜಿ ಬರೆದುಕೊಡಬಲ್ಲೆವು. ಸಾಲವೆಂದರೆ ತೀರಿಸಬಲ್ಲೆವೇ? ಗಂಡ ಹೊಡೆಯುತ್ತಾನೆಂದರೆ ಅವಳನ್ನು ಎಲ್ಲಿಗೆ ಕರೆದೊಯ್ಯೋಣ? ಉತ್ತರವಿಲ್ಲದ ಕಡೆ ಪ್ರಶ್ನೆ ಹಾಕುವುದು ಗಾಯದ ಕಟ್ಟು ಬಿಚ್ಚಿ ನೋಡಿ ಹಾಗೆಯೇ ಬಿಟ್ಟು ಬಂದಂತೆ. ಅದೂ ಜಗಲಿಯಲ್ಲಿ ಕುಳಿತು, ಅತ್ತೆ ಬಾಗಿಲ ಮರೆಯಲ್ಲಿ ನಿಂತಿರುವಾಗ! ತರುಣ ವೈದ್ಯರು ನನ್ನ ಬೆಂಬಲಕ್ಕೆ ಬಂದರು. ರೋಗಗಳ ತಪಾಸಣೆಗೆ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ನಿಯಮಗಳನ್ನು ಬರೆದಿದ್ದಾರಂತೆ. ಹುಡುಕುವ ರೋಗಕ್ಕೆ ಒಪ್ಪಿತವಾದ ಚಿಕಿತ್ಸೆ ಇರಬೇಕು, ಅದನ್ನು ಕೊಡುವ ಏರ್ಪಾಡೂ ಇರಬೇಕೆಂಬುದು ಅವುಗಳಲ್ಲಿ ಸೇರಿದೆ. ಸಾಮಾಜಿಕ ಅಗತ್ಯಗಳಿಗೂ ಅದೇ ಎಚ್ಚರ ಬೇಕೆಂದು 2016ರಲ್ಲಿ ಅಮೆರಿಕದ ವೈದ್ಯರು ಬರೆದಿದ್ದಾರೆಂದರು. ಸಭೆ ಒಪ್ಪಿತು. ಸಾಲವನ್ನೂ ಹೊಡೆತವನ್ನೂ ನಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ನನ್ನ ಮನಸ್ಸಿಗೆ ಆಗ ಎಷ್ಟು ಸಮಾಧಾನವಾಗಿತ್ತೆಂದರೆ, ಆ ಸಮಾಧಾನವನ್ನೇ ನಾನು ಸಂಶಯಿಸಬೇಕಿತ್ತು.

ಉತ್ತರವಿರುವ ಪ್ರಶ್ನೆ ಎಷ್ಟು ಕೆಲಸ ಮಾಡಬಲ್ಲದೆಂಬುದಕ್ಕೆ ನಮ್ಮ ಜಿಲ್ಲೆಯ ನಂಟಿರುವ ದೃಷ್ಟಾಂತವೇ ಉಂಟು. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜತೆಗಾರರು 2019ರಿಂದ 2022ರವರೆಗೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಕ್ಷಯರೋಗಿಗಳ ಮನೆಗಳನ್ನು ಹಿಡಿದು ನೋಡಿದರು. ರೋಗಿಗಳಿಗೆಲ್ಲ ಆಹಾರದ ಬುಟ್ಟಿ ಕೊಟ್ಟರು. ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, 1.5 ಕಿಲೋ ಬೇಳೆ. ಹತ್ತು ಸಾವಿರಕ್ಕೂ ಮೀರಿದ ಆ ಮನೆಮಂದಿಯಲ್ಲಿ, ಅಕ್ಕಿಬೇಳೆ ಪಡೆದವರಿಗೆ ಕ್ಷಯ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಅಕ್ಕಿಬೇಳೆ! ಚುಚ್ಚುಮದ್ದಲ್ಲ. ಅದಕ್ಕೂ ಬಹಳ ಮೊದಲು, 1960ರ ದಶಕದಲ್ಲಿ, ಜಾಕ್ ಗೈಗರ್ ಎಂಬ ವೈದ್ಯ ಅಮೆರಿಕದ ಮಿಸಿಸಿಪ್ಪಿಯ ಬಡ ಕರಿಯ ಮಕ್ಕಳಿಗೆ ಔಷಧದ ಚೀಟಿಯಲ್ಲಿ ಹಾಲು, ಮಾಂಸ, ತರಕಾರಿ ಎಂದು ಬರೆದು, ಬಿಲ್ಲನ್ನು ಆಸ್ಪತ್ರೆಯ ಔಷಧದ ಖಾತೆಗೆ ಹಾಕಿಸಿದನಂತೆ. ಮೇಲಿನವರು ಆಕ್ಷೇಪಿಸಿದಾಗ, ಪೌಷ್ಟಿಕತೆಯ ಕೊರತೆಗೆ ಪುಸ್ತಕದಲ್ಲಿ ಹೇಳಿದ ಮದ್ದು ಊಟವೇ ಅಲ್ಲವೇ ಎಂದನಂತೆ. ಇವನ್ನೆಲ್ಲ ನಾನು ಸಭೆಯಲ್ಲಿ ಹುರುಪಿನಿಂದ ಹೇಳಿದೆ. ಕೊಡಬಲ್ಲುದನ್ನೇ ಕೇಳೋಣ, ಕೇಳಿದ್ದನ್ನು ಕೊಡೋಣ. ಎಷ್ಟು ಚೊಕ್ಕ ಮಾತು!

ಬಂಟ್ವಾಳದ ಹೊಳೆಬದಿಯ ಒಂದು ಮನೆ. ಊರಿನ ಹೆಸರು ಬೇಡ. ಐವತ್ತರ ಸಮೀಪದ ಹೆಂಗಸು, ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅವಳಿಗೆ ರಕ್ತದೊತ್ತಡ. ನಮ್ಮ ಹುಡುಗಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದಳು. ಆಹಾರದ ಚಿಂತೆ: ಎಂದೂ ಇಲ್ಲ. ಆಹಾರ ಮುಗಿದದ್ದು: ಎಂದೂ ಇಲ್ಲ. ಬಸ್ಸು: ತೊಂದರೆಯಿಲ್ಲ. ಸೂರು: ಸ್ವಂತದ್ದು. “ಅಗತ್ಯಗಳಿಲ್ಲ” ಎಂಬ ಕಟ್ಟಿಗೆ ಹಾಳೆ ಸೇರಿತು. ನಾಲ್ಕು ತಿಂಗಳ ಬಳಿಕ ಒಂದು ಸಂಜೆ ಬೀಡಿಯನ್ನು ಬ್ರಾಂಚಿಗೆ ಕೊಡಲು ಹೊರಟವಳು ಅಂಗಳದಲ್ಲೇ ಬಿದ್ದಳು. ಜೀವ ಉಳಿಯಿತು, ಎಡಗೈ ಹೋಯಿತು. ಒಂದು ಕೈಯಲ್ಲಿ ಬೀಡಿ ಕಟ್ಟಲಾಗುವುದಿಲ್ಲ.

ನೋಡಲು ಹೋದೆ. ಗುಳಿಗೆ ತಪ್ಪಿಸಿದ್ದಿರೇನು ಎಂದು ಕೇಳಿದೆ. ಮಂಗಳವಾರ ವಾರದ ಕಂತು ಕಟ್ಟಬೇಕು ಎಂದಳು. ಮಗಳ ಮದುವೆಗೆ ತೆಗೆದ ಸಾಲ. ಅದನ್ನು ತೀರಿಸಲು ಇನ್ನೊಂದು ಕಡೆ ತೆಗೆದದ್ದು ಬೇರೆ. ಕಂತು ತಪ್ಪಿದರೆ ಜತೆಯ ಹತ್ತು ಮಂದಿ ಹೆಂಗಸರ ಎದುರು ತಲೆಯೆತ್ತಲಾಗದು. ಹಾಗಾಗಿ ಶಿಬಿರದ ದಿನವೂ ಬೀಡಿ ಬಿಟ್ಟು ಏಳುವಂತಿರಲಿಲ್ಲ. ಗುಳಿಗೆ ಮುಗಿದರೆ ಮುಗಿದ ಹಾಗೆಯೇ. “ಮೊದಲೇ ಹೇಳಬಾರದಿತ್ತೇ?” ಎಂದೆ. ಮೇಷ್ಟ್ರ ದನಿ ಇನ್ನೂ ಹೋಗಿಲ್ಲವಲ್ಲ. ಅವಳು ಬೇಸರಿಸಲಿಲ್ಲ. “ಆ ಮಗು ಊಟದ್ದು ಕೇಳಿತು. ಊಟ ಇತ್ತು. ಬಸ್ಸಿನದ್ದು ಕೇಳಿತು. ಬಸ್ಸೂ ಇತ್ತು. ಇದನ್ನು ಕೇಳಲಿಲ್ಲವಲ್ಲ” ಎಂದಳು.

ಕೆಂಪು ಶಾಯಿಯ ಗೆರೆ ನನ್ನ ಕಣ್ಣಮುಂದೆ ಬಂತು. ಸಾಲ ತೀರಿಸುವ ಶಕ್ತಿ ನಮಗಿರಲಿಲ್ಲ, ಒಪ್ಪಿದೆ. ಆದರೆ ಗೊತ್ತಿದ್ದರೆ ಶಿಬಿರದ ದಿನವನ್ನು ಬದಲಿಸಬಹುದಿತ್ತು; ಗುಳಿಗೆಯನ್ನು ಮನೆಗೇ ಕಳುಹಿಸಬಹುದಿತ್ತು. ನಾನು ಪ್ರಶ್ನೆಯನ್ನು ಹೊಡೆದುಹಾಕಿದ್ದು ಅವಳ ಗಾಯಕ್ಕೆ ಅಂಜಿಯಲ್ಲ, ನನ್ನ ಬರಿಗೈಗೆ ನಾಚಿ.

ಇದರ ಜತೆಗೆ ಕೊಕ್ಕಡದ ನೆನಪೂ ಸೇರಿಕೊಂಡಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತಿನ ಗೇರುತೋಟಗಳ ಮೇಲೆ 1980ರ ದಶಕದಿಂದ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅಂಗವಿಕಲ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ತಾಯಂದಿರಿಗೆ ಯಾರಲ್ಲೂ ಮದ್ದಿರಲಿಲ್ಲ; ಇಂದಿಗೂ ಇಲ್ಲ. ಚಿಕಿತ್ಸೆಯಿಲ್ಲದ್ದನ್ನು ಕೇಳಬಾರದೆಂಬ ನಿಯಮವನ್ನು ಅಲ್ಲಿ ಹಿಡಿದಿದ್ದರೆ ಯಾರೂ ಆ ಮನೆಗಳ ಬಾಗಿಲಿಗೆ ಹೋಗಬೇಕಿರಲಿಲ್ಲ. ಆದರೂ ಕೆಲವರು ಹೋದರು, ಮನೆ ಮನೆ ಎಣಿಸಿದರು, ಬರೆದಿಟ್ಟರು. ಗಡಿಯಾಚೆಯ ಕಾಸರಗೋಡಿನಲ್ಲೂ ಹಾಗೆಯೇ. ಆ ಪಟ್ಟಿಗಳಿದ್ದುದರಿಂದಲೇ ಕೇಳಲು ಒಂದು ಲೆಕ್ಕವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷವನ್ನು ನಿಷೇಧಿಸಿತು. ಸಂತ್ರಸ್ತರಿಗೆ ಮಾಸಾಶನ ಬಂತು. ಮಾಸಾಶನ ಮಗುವನ್ನು ನಡೆಸುವುದಿಲ್ಲ, ನಿಜ. ಎಣಿಸದಿದ್ದರೆ ಅದೂ ಇರುತ್ತಿರಲಿಲ್ಲ.

ಹಾಗೆಂದು ಎಲ್ಲವನ್ನೂ ಎಲ್ಲರನ್ನೂ ಕೇಳಿಬಿಡಬೇಕೆಂದು ನಾನು ಹೇಳಲು ಹೊರಟಿಲ್ಲ. ಹೊಡೆತದ ಪ್ರಶ್ನೆಯನ್ನು ನಾವು ಈಗಲೂ ಹಾಳೆಯಲ್ಲಿ ಹಾಕಿಲ್ಲ. ಜಗಲಿಯಲ್ಲಿ ಕೇಳಿ ಹೋದ ಪ್ರಶ್ನೆಗೆ ಆ ರಾತ್ರಿ ಒಳಮನೆಯಲ್ಲಿ ಉತ್ತರ ಕೊಡಬೇಕಾದವಳು ಅವಳು, ನಾವಲ್ಲ. ಶಿಬಿರದಲ್ಲಿ ದಾದಿ ಒಬ್ಬಳೇ ಇದ್ದಾಗ, ಬಾಗಿಲು ಮುಚ್ಚಿಕೊಂಡು, ಬರೆಯದೆ ಕೇಳುತ್ತಾಳೆ. ಸರಿಯೋ ತಪ್ಪೋ, ಸದ್ಯಕ್ಕೆ ಹಾಗೆ. ಸಾಲದ ಪ್ರಶ್ನೆ ಮಾತ್ರ ಹಿಂದಕ್ಕೆ ಬಂತು: “ಕಂತಿನ ದಿನ ಯಾವುದು?” ಎಂಬ ರೂಪದಲ್ಲಿ. ಸಾಲವುಂಟೇ ಎಂದರೆ ಇಲ್ಲವೆನ್ನುತ್ತಾರೆ. ದಿನ ಯಾವುದೆಂದರೆ ಹೇಳುತ್ತಾರೆ. ಕೊನೆಯಲ್ಲಿ ಇನ್ನೊಂದು ಸೇರಿಸಿದೆವು, ಇದರಲ್ಲಿ ಯಾವುದಕ್ಕಾದರೂ ನಮ್ಮ ಸಹಾಯ ಬೇಕೇ ಎಂದು. ಕೊರತೆಯಿದ್ದವರೆಲ್ಲ ಸಹಾಯ ಬಯಸುವುದಿಲ್ಲ. ಮೂಡುಬಿದಿರೆಯ ಗೇರುಬೀಜದ ಕಾರ್ಖಾನೆಗೆ ಹೋಗುವ, ಗೇರುಸಿಪ್ಪೆಯ ಎಣ್ಣೆಗೆ ಬೆರಳ ತುದಿ ಕಪ್ಪಾದ ಒಬ್ಬಾಕೆ ಎಲ್ಲ ಕೊರತೆಗಳಿಗೂ ಹೌದೆಂದು, ಸಹಾಯಕ್ಕೆ ಮಾತ್ರ ಬೇಡವೆಂದಳು. ಏಕೆಂದು ಕೇಳುವ ಕಾಲಮ್ಮು ನಮ್ಮಲ್ಲಿಲ್ಲ. ಇರಬಾರದೆಂದೇ ನನಗನಿಸುತ್ತದೆ.

ಮೊನ್ನೆ ಆಟಿಯ ಒಂದು ದಿನ ನಮ್ಮ ಹುಡುಗಿ ಚಾರ್ಮಾಡಿಯ ಬುಡದ ಒಂದು ಮನೆಗೆ ಹೋಗಿದ್ದಳು. ಮುದುಕ ಮುದುಕಿ ಇಬ್ಬರೇ. ಮಳೆಯಲ್ಲಿ ತೊಯ್ದು ಬಂದವಳನ್ನು ಒಲೆಯ ಬಳಿ ಕುಳ್ಳಿರಿಸಿ, ಇವಳು ಚೀಲದಿಂದ ಹಾಳೆ ತೆಗೆಯುವ ಮೊದಲೇ ಮುದುಕನೇ ಕೇಳಿದನಂತೆ, “ವಣಸ್ ಆಂಡಾ, ಮಗಾ?” ಆಗಿರಲಿಲ್ಲ. ಅಭ್ಯಾಸದಿಂದ “ಆಂಡ್” ಎಂದಳು. ಮುದುಕಿ ಅವಳ ಮುಖ ನೋಡಿ, ಮಾತಾಡದೆ, ಬಟ್ಟಲಿನಲ್ಲಿ ಗಂಜಿ ಸುರಿದು, ಹಲಸಿನ ಬೀಜದ ಪಲ್ಯ ಇಟ್ಟಳಂತೆ. ಆ ದಿನದ ಹಾಳೆ ನನ್ನ ಮೇಜಿನ ಮೇಲಿದೆ. ಬಸ್ಸು, ಸೂರು, ಕಂತು ಎಲ್ಲ ತುಂಬಿದೆ. ಅಕ್ಕಿಯ ಎರಡು ಪ್ರಶ್ನೆಗಳ ಎದುರು ಖಾಲಿ. ಏಕಮ್ಮಾ ಎಂದು ಕೇಳಿದೆ. ಅವರ ಗಂಜಿ ಉಂಡು ಕೈ ತೊಳೆದ ಮೇಲೆ ಅದನ್ನು ಹೇಗೆ ಕೇಳಲಿ ಸಾರ್ ಎಂದಳು.